ಯಾರ ಕೈ ಎಲ್ಲೈತಿ?

ಹೆಸರು ಕೇಳಿದವರು ಮೊದಲು ಹೆಂಗಸು ಅಂದುಕೊಳ್ಳುತ್ತಾರೆ. ಆದರೆ ಸಾಂಗಲಿ, ಮಿರಜ ಕಡೆಯ ಜೈನರ ಮನೆಗಳಲ್ಲಿ ಶೀತಲ ಎಂಬುದು ಗಂಡುಮಕ್ಕಳಿಗೂ ಇಡುವ ಹೆಸರು. ಸಮಡೋಳಿಯ ಶೀತಲ ಮಗದುಮ್ ನಲವತ್ತು ದಾಟಿದ ಗಂಡಸು. ಪೊದೆಯಂಥ ಮೀಸೆ, ಅಂಗಿಯ ಗುಂಡಿಗೆ ಕೆಲಸ ಕೊಡುವ ಹೊಟ್ಟೆ. ವಾರವೆಲ್ಲ ಸಾಂಗಲಿಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಹನಿ ನೀರಾವರಿಯ ಪೈಪು ಮಾರುತ್ತಿದ್ದ. ಆದರೂ ಅವನನ್ನು ಪೈಪಿನ ಅಂಗಡಿಯವನೆಂದು ಗುರುತಿಸುವವರು ಕಡಿಮೆ. ದೀಪಾವಳಿ ಕಳೆದು ಕುಸ್ತಿಯ ಹಂಗಾಮು ಶುರುವಾಯಿತೆಂದರೆ ಕೃಷ್ಣೆಯ ಎರಡೂ ದಂಡೆಯ ಊರುಗಳಲ್ಲಿ ಕೇಳುತ್ತಿದ್ದದ್ದು ಅವನ ದನಿ. ಕಣದ ಪಕ್ಕದ ವೇದಿಕೆಯಲ್ಲಿ ಮೈಕು ಹಿಡಿದು ಕೂತು, ಕೆಂಪು ಮಣ್ಣಿನಲ್ಲಿ ನಡೆಯುವುದನ್ನು ನೆರೆದ ಜನಕ್ಕೆ ಬಣ್ಣಿಸಿ ಹೇಳುವವನು ಅವನೇ.

ಅವನು ಬಾಯಿ ತೆರೆದರೆ ಜನರ ಮೈಯ ಕೂದಲು ನಿಲ್ಲುತ್ತಿತ್ತು. ಎಲ್ಲ ಮರಾಠಿಯಲ್ಲಿ. ಪೈಲ್ವಾನರು ಕೈ ಕೂಡಿಸಿದರೆ ‘ಎರಡು ಬೆಟ್ಟಗಳು ಡಿಕ್ಕಿ ಹೊಡೆದವು’, ಒಬ್ಬ ಇನ್ನೊಬ್ಬನನ್ನು ಎತ್ತಿದರೆ ‘ಸಿಡಿಲು ಮರವನ್ನು ಕಿತ್ತಿತು’, ಇಬ್ಬರೂ ಸುಮ್ಮನೆ ನಿಂತರೆ ‘ಹುಲಿಗಳು ವಾಸನೆ ಹಿಡಿಯುತ್ತಿವೆ’. ಇಂಥವು ನೂರಾರು ಅವನ ನಾಲಿಗೆಯ ತುದಿಯಲ್ಲೇ ಇದ್ದವು. ತಟ್ಟೆಯಲ್ಲಿನ ಖಾರದ ಚುರುಮುರಿ, ಸಾಂಗಲಿಯ ಭಡಂಗ, ಮುಕ್ಕುತ್ತ, ಅಂಗಡಿಯ ಹುಡುಗ ಮಾಡಿದ ಫೋನಿಗೆ ಸನ್ನೆಯಲ್ಲೇ ಉತ್ತರ ಕೊಡುತ್ತ, ಕಣದ ಕಡೆ ಅರೆಗಣ್ಣು ಹಾಯಿಸಿದರೂ ಸಾಕು, ಮಾತು ತಾನಾಗಿ ಹರಿಯುತ್ತಿತ್ತು. ಮನೆಯಲ್ಲಿ ಅವ್ವನ ಜೊತೆ ಆಡುವ ಕನ್ನಡವೇ ಬೇರೆ. ಅದು ಉಪ್ಪು ಕೊಡು, ಬಾಗಿಲು ಹಾಕು, ಎಮ್ಮೆಗೆ ನೀರಿಟ್ಟೆಯಾ ಎನ್ನುವಷ್ಟರ ಕನ್ನಡ.

ಅವನ ಮಾತಿನ ಭಂಡಾರದಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಒಂದು ಬಿರುದು. ಕಸಬೆ ಡಿಗ್ರಜದ ಸಂಘರ್ಷ ಎಂಬ ಹುಡುಗ ದೊಡ್ಡ ಮೈದಾನದಲ್ಲಿ ಮೊದಲ ಸಲ ಇಳಿದಾಗ, ಜನ ಇನ್ನೂ ಸರಿಯಾಗಿ ಕೂರುವ ಮೊದಲೇ ಎದುರಾಳಿಯನ್ನು ಬೆನ್ನ ಮೇಲೆ ಕೆಡವಿಬಿಟ್ಟಿದ್ದ. ಶೀತಲ ಕುರ್ಚಿಯಿಂದ ಎದ್ದು ನಿಂತು ಕೂಗಿದ್ದ: “ವಾದಳ! ಕೃಷ್ಣಾಕಾಠಚಂ ವಾದಳ!” ಕೃಷ್ಣಾತೀರದ ಬಿರುಗಾಳಿ. ಅಷ್ಟೇ. ಮರುದಿನದಿಂದ ಹುಡುಗನಿಗೆ ಅದೇ ಹೆಸರಾಯಿತು. ಪೋಸ್ಟರುಗಳಲ್ಲಿ ವಾದಳ, ಅಭಿಮಾನಿಗಳ ಬೈಕಿನ ಹಿಂದೆ ವಾದಳ, ಅಂಗಿಯ ಬೆನ್ನಿಗೆ ವಾದಳ.

ಆದರೆ ಈಚಿನ ಎರಡು ಹಂಗಾಮುಗಳಲ್ಲಿ ಸಂಘರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಮೈಯಲ್ಲಿ ಕಸುವಿತ್ತು, ತಾಲೀಮು ತಪ್ಪಿಸುತ್ತಿರಲಿಲ್ಲ. ಶೀತಲ ಅದಕ್ಕೆ ನಸೀಬು ಎನ್ನುತ್ತಿದ್ದ.

ಅವನ ಮಗಳು ಸಾಯಲಿ ಸಾಂಗಲಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಳು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡಲಿ ಎಂದು ಯೋಚಿಸುತ್ತಿದ್ದವಳಿಗೆ ಅಪ್ಪನೇ ಕಣ್ಣಿಗೆ ಬಿದ್ದ. ಹೋದ ವರ್ಷ ಸಂಘರ್ಷ ಸೋತ ಒಂದು ಕುಸ್ತಿಯ ವಿಡಿಯೊವನ್ನು ಅವಳು ಮೊಬೈಲಿಗೆ ಇಳಿಸಿಕೊಂಡಳು. ಓಣಿಯವರನ್ನೂ ನೆಂಟರನ್ನೂ ಗೆಳತಿಯರ ಮನೆಯವರನ್ನೂ ಒಬ್ಬೊಬ್ಬರಾಗಿ ಕೂರಿಸಿ ಅದನ್ನು ತೋರಿಸಿದಳು. ಅರ್ಧ ಜನಕ್ಕೆ ಅಪ್ಪನ ದನಿಯ ಸಮೇತ, ಉಳಿದರ್ಧಕ್ಕೆ ದನಿ ಮುಚ್ಚಿ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆಗಳು: ಮೈಮೇಲೆ ಬೀಳುತ್ತಿದ್ದವನು ಯಾರು? ಸಂಘರ್ಷ ಸೋತದ್ದು ಯಾಕೆ?

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಅಪ್ಪನನ್ನು ಹಾಲ್‌ನಲ್ಲಿ ಕೂರಿಸಿದಳು. ಅವಳ ಕನ್ನಡ ಅರ್ಧ ಮರಾಠಿಯಲ್ಲೇ ನಡೆಯುತ್ತಿತ್ತು.

“ಪಪ್ಪಾ, ನಿಮ್ಮ ದನಿ ಕೇಳಿದವರು ಎಲ್ಲಾರೂ ಏನ್ ಹೇಳಿದ್ರು ಗೊತ್ತೈತಿ? ಸಂಘರ್ಷ ಮೊದಲಿಂದ ಒಂದs ಸವನ ನುಗ್ಗಿದ, ದಣದ, ಸೋತ ಅಂದ್ರು. ದನಿ ಇಲ್ಲದ ನೋಡಿದವರು ಉಲಟಾ ಹೇಳಿದ್ರು. ಅಂವ ನಿಂತಿದ್ದ, ಕಾಯ್ತಿದ್ದ, ಕಡೀಕ ಯಾಕೋ ಏನೋ ಒಮ್ಮೆಲೇ ನುಗ್ಗಿ ಬಿದ್ದ ಅಂದ್ರು. ಕುಸ್ತಿ ಒಂದs, ಪಪ್ಪಾ!”

“ಹಂಗ ಹೆಂಗ ಆಗ್ತೈತಿ?” ಶೀತಲನಿಗೆ ರೇಗಿತು. “ನಾ ಕಂಡದ್ದs ಹೇಳಿನಿ.”

“ಥಾಂಬಾ, ತಡೀರಿ. ನೀವs ನೋಡ್ರಿ.”

ಅವಳು ದನಿ ಮುಚ್ಚಿ ವಿಡಿಯೊ ಹಚ್ಚಿದಳು. ಶೀತಲ ಮೊದಮೊದಲು ಕಾಲು ಅಲ್ಲಾಡಿಸುತ್ತ ನೋಡಿದ. ನಂತರ ಕಾಲು ನಿಂತಿತು. ಪರದೆಯ ಮೇಲೆ ಸಂಘರ್ಷ ಎದುರಾಳಿಯ ಕುತ್ತಿಗೆಗೆ ಕೈ ಹಾಕಿ, ನೆಲಕ್ಕೆ ಬೇರು ಬಿಟ್ಟವನ ಹಾಗೆ ನಿಂತಿದ್ದ. ಎದುರಾಳಿ ಎಳೆದ, ತಳ್ಳಿದ, ಸುತ್ತಿದ. ಸಂಘರ್ಷ ಒಂದು ಹೆಜ್ಜೆ ಸರಿದ, ಮತ್ತೆ ನಿಂತ. ದಣಿಯುತ್ತಿದ್ದವನು ಎದುರಾಳಿ. ಇನ್ನೇನು ಅವನ ಮೊಣಕಾಲು ಕುಸಿಯಬೇಕು, ಅಷ್ಟರಲ್ಲಿ ಸಂಘರ್ಷ ತಲೆಯೆತ್ತಿ ಜನರ ಕಡೆ ನೋಡಿದ. ಮರುಕ್ಷಣ ಕಣ್ಣು ಮುಚ್ಚಿಕೊಂಡವನಂತೆ ನುಗ್ಗಿದ. ನುಗ್ಗಿದ್ದೇ ತಡ, ಎದುರಾಳಿ ಪಕ್ಕಕ್ಕೆ ಸರಿದು ಅವನನ್ನು ಮಗುಚಿದ.

“ಯಾಕ ನುಗ್ಗಿದ?” ಶೀತಲ ಮಗಳನ್ನೇ ಕೇಳಿದ.

ಸಾಯಲಿ ಆ ಜಾಗಕ್ಕೆ ವಿಡಿಯೊ ಹಿಂದೆ ಸರಿಸಿ ದನಿ ಬಿಟ್ಟಳು. ಶೀತಲನ ದನಿಯೇ ಹಾಲ್ ತುಂಬಿತು: “ವಾದಳ ಎಲ್ಲಿ? ವಾದಳ ಯಾಕೆ ನಿಂತಿದೆ? ಬೀಸು, ಬೀಸು ವಾದಳ!” ಹಿಂದಿನಿಂದ ಜನರೆಲ್ಲ ಅದೇ ಮಾತನ್ನು ಎತ್ತಿಕೊಂಡು ಕೂಗುತ್ತಿದ್ದರು.

ಶೀತಲ ಮಗಳ ಕೈಯಿಂದ ಮೊಬೈಲು ಕಸಿದುಕೊಂಡ. ಇನ್ನೊಮ್ಮೆ ದನಿಯಿಲ್ಲದೆ ನೋಡಿದ, ಮತ್ತೊಮ್ಮೆ ದನಿಯೊಂದಿಗೆ. ಬೇಸರವಾಗುತ್ತದೆ ಅಂದುಕೊಂಡಿದ್ದ ಸಾಯಲಿಗೆ ಅಪ್ಪನ ಮುಖ ಕಂಡು ಆಶ್ಚರ್ಯವಾಯಿತು. ಅವನ ಕಣ್ಣು ಹೊಳೆಯುತ್ತಿದ್ದವು. ಇಪ್ಪತ್ತು ವರ್ಷ ಕುಸ್ತಿಯ ಪಕ್ಕದಲ್ಲೇ ಕೂತವನು ಈಗ ಒಂದು ಕುಸ್ತಿ ಕಂಡಿದ್ದ.

“ಏ ಅವ್ವಾ, ಬಾ ಇಲ್ಲಿ!” ಎಂದು ಒಳಗಿದ್ದ ತಾಯಿಯನ್ನು ಕೂಗಿದ. “ನನ್ನ ಕಣ್ಣಾಗ ನನ್ನ ಬಾಯಿ ಹೊಕ್ಕೊಂಡು ಕುಂತೈತಿ ನೋಡ!”

ಸಾಯಲಿಗೆ ಹುರುಪು ಏರಿತು. “ಹಂಗs ಪಪ್ಪಾ. ಮನಸ್ಸು ಯಾವಾಗಲೂ ಒಳದಾರಿ ಹಿಡೀತೈತಿ. ನಾವು ಸ್ಟ್ಯಾಂಡಿಗೆ ಹೋಗಾಕ ರಸ್ತಾ ಬಿಟ್ಟು ಕಬ್ಬಿನ ಹೊಲದಾಗ ಹಾಯ್ತೀವಲ್ಲ, ಹಂಗ. ಲಗೂನ ಮುಟ್ಟತೇವಿ, ಖರೆ. ಆದ್ರ ರಸ್ತಾದಾಗ ಏನೇನ್ ಐತಿ, ಅದು ಕಾಣೂದs ಇಲ್ಲ. ವಾದಳ ಅಂದ್ರ ಮುಗೀತು, ಮುಂದ ಯಾರೂ ನೋಡೂದಿಲ್ಲ.”

ಮರುದಿನ ಅಂಗಡಿ ತೆರೆಯುವ ಮೊದಲು ಶೀತಲ ಬೈಕು ಹತ್ತಿ ಕಸಬೆ ಡಿಗ್ರಜಕ್ಕೆ ಹೋದ. ಸಂಘರ್ಷ ತಾಲೀಮಿನ, ಅಂದರೆ ಗರಡಿಮನೆಯ, ಮಣ್ಣನ್ನು ಸಲಿಕೆಯಿಂದ ಮಗುಚುತ್ತಿದ್ದ. ಅರಿಶಿನ, ಎಣ್ಣೆ, ಮಜ್ಜಿಗೆ ಕಲಸಿದ ಮಣ್ಣು ಬೆಳಗಿನ ತಂಪಿನಲ್ಲಿ ಗಮ್ಮೆನ್ನುತ್ತಿತ್ತು. ಶೀತಲ ಸುತ್ತು ಬಳಸದೆ ಕೇಳಿದ.

“ಆವತ್ತ ಯಾಕ ನುಗ್ಗಿದೆಪಾ? ಅಂವ ಇನ್ನೇನ ಬೀಳಾಂವ ಇದ್ದ.”

ಸಂಘರ್ಷ ಸಲಿಕೆ ನಿಲ್ಲಿಸಿದ. “ಕಾಕಾ, ಸಿಟ್ಟಿಗೇಳಬ್ಯಾಡ್ರಿ. ನಾ ವಾದಳ ಅಲ್ಲರಿ. ನಾ ಭಾಳ ಸಾವಕಾಶ ಮನಶ್ಯಾ. ಹಿಡದು ನಿಂದರೂದು, ಎದುರಿನಾಂವ ಎಲ್ಲಿ ಸಡ್ಲ ಬಿಡ್ತಾನ ನೋಡೂದು, ಅದs ನನ್ನ ಕುಸ್ತಿ. ಆದ್ರ ನಾ ನಿಂತ್ರ ಜನಾ ಒದರ್ತಾರ. ಒದರಿದ್ರ ನನಗ ನಾಚಿಕಿ ಬರ್ತೈತಿ, ನುಗ್ಗತೇನಿ.”

“ಮತ್ತ ಮೊದಲನೇ ಕುಸ್ತಿ? ಕಣ್ಣ ಮುಚ್ಚಿ ತೆಗಿಯೂದರಾಗ ಕೆಡವಿದ್ದೆಲ್ಲ?”

ಸಂಘರ್ಷ ನಕ್ಕುಬಿಟ್ಟ. “ಅಂವಾ ಕಾಲ ಜಾರಿ ಬಿದ್ದಿದ್ದರಿ, ಕಾಕಾ! ನಾ ಬರೇ ಮ್ಯಾಲ ಕುಂತೆ.”

ಶೀತಲನಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಮಣ್ಣಿನ ಅಂಚಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಬ್ಬನ ಕಾಲು ಜಾರಿದ್ದಕ್ಕೆ ಇನ್ನೊಬ್ಬನಿಗೆ ಬಿರುಗಾಳಿ ಎಂಬ ಹೆಸರು! “ಅವತ್ತs ಯಾಕ ಹೇಳಲಿಲ್ಲೋ?” ಎಂದದ್ದಕ್ಕೆ ಹುಡುಗ, “ನೀವು ಪ್ರೀತೀಲೆ ಕೊಟ್ಟ ಹೆಸರು, ಬ್ಯಾಡ ಅಂತ ಹೆಂಗ ಹೇಳ್ಲಿರಿ?” ಅಂದ.

ಇನ್ನು ಮೇಲೆ ಕಂಡದ್ದನ್ನು ಮಾತ್ರ ಹೇಳುವುದು ಎಂದು ಶೀತಲ ನಿಶ್ಚಯಿಸಿದ. ಹೇಳಿದಷ್ಟು ಸುಲಭವಿರಲಿಲ್ಲ. ಮುಂದಿನ ವಾರ ಹತ್ತಿರದ ಊರಿನ ಸಣ್ಣ ಮೈದಾನದಲ್ಲಿ ಮೈಕು ಹಿಡಿದು, ಹಳೆಯ ಮಾತುಗಳನ್ನೆಲ್ಲ ಬದಿಗಿಟ್ಟು, ಕಣದ ಕಡೆ ಕಣ್ಣು ನೆಟ್ಟು ಬಾಯಿ ತೆರೆದ. ಬಾಯಿ ಖಾಲಿ. ಏನೋ ಹೇಳಬೇಕು, ಏನೂ ಇಲ್ಲ. ಕಣದ ಬದಿಯಲ್ಲಿ ಹಲಗೆ ಬಾರಿಸುವವರು ತಿರುಗಿ ನೋಡಿದರು. ಗಾಬರಿಯಲ್ಲಿ ಅವನ ನಾಲಿಗೆ ತನಗೆ ಗೊತ್ತಿದ್ದ ಹಾದಿ ಹಿಡಿಯಿತು. ಎರಡು ಬೆಟ್ಟಗಳು ಡಿಕ್ಕಿ ಹೊಡೆದವು, ಸಿಡಿಲು ಮರವನ್ನು ಕಿತ್ತಿತು. ಜನ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಶೀತಲ, “ನನ್ನ ಮರಾಠಿ ನನ್ನ ಮಾತ ಕೇಳವಲ್ದು” ಎಂದು ಮಗಳ ಮುಂದೆ ತಲೆ ಚಚ್ಚಿಕೊಂಡ.

ಅಷ್ಟರಲ್ಲಿ ಕರ್ನಾಟಕದ ಗಡಿಯ ಮ್ಹೈಸಾಳದಿಂದ, ಅಲ್ಲಿ ಕುಸ್ತಿ ನಡೆಸುವ ಬಾಪೂಸಾಹೇಬರ ಫೋನು ಬಂತು. ಅವರ ಊರಿನ ಹಳೆಯ ತಾಲೀಮಿಗೆ ಹೊಸ ಕಟ್ಟಡವಾಗಿತ್ತು. ಆ ಸಂತೋಷಕ್ಕೆ ಕುಸ್ತಿಯ ದೊಡ್ಡ ಮೈದಾನ ಇಟ್ಟಿದ್ದರು. ಕೊನೆಯ ಕುಸ್ತಿ ಸಂಘರ್ಷನದು, ಎದುರಿಗೆ ಅಥಣಿ ಕಡೆಯ ಬಸವಪ್ರಸಾದ. “ಮಗದುಮ್, ಈ ಸಲ ಕಾಗವಾಡ, ಶೇಡಬಾಳ, ಅಥಣಿ, ಎಲ್ಲಾ ಕಡಿಂದ ಮಂದಿ ಬರ್ತಾರ. ಕನ್ನಡದಾಗೂ ಹೇಳಬೇಕ್ರಿ” ಎಂದರು ಬಾಪೂಸಾಹೇಬರು.

ಶೀತಲ ತೊದಲಿದ. ಕನ್ನಡದಲ್ಲಿ ಕುಸ್ತಿ ಹೇಳುವುದು ಹೇಗೆ? ಅವನಿಗೆ ಕನ್ನಡದಲ್ಲಿ ಒಂದು ಹುಲಿಯೂ ಇರಲಿಲ್ಲ, ಒಂದು ಸಿಡಿಲೂ ಇರಲಿಲ್ಲ. ಅವನು ಆಗುವುದಿಲ್ಲ ಎನ್ನಬೇಕು, ಅಷ್ಟರಲ್ಲಿ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಚಂದ್ರಾಬಾಯಿ ಫೋನಿನ ಕಡೆ ಮುಖ ಮಾಡಿ, “ಬರ್ತಾನ್ರಿ! ನಾನೂ ಬರ್ತೇನಿ!” ಎಂದು ಕೂಗಿಬಿಟ್ಟಳು.

ಮ್ಹೈಸಾಳ ಚಂದ್ರಾಬಾಯಿಯ ತವರು. ಆ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದ ಅವಳ ಅಪ್ಪನೇ. ಹೆಣ್ಣುಮಕ್ಕಳು ಒಳಗೆ ಹೋಗುವಂತಿರಲಿಲ್ಲ. ಅವಳು ಹಿಂದಿನ ಕಿಟಕಿಯ ಕಲ್ಲು ಹತ್ತಿ ನಿಂತು ನೋಡುತ್ತಿದ್ದಳು. ಈಗ ಎಪ್ಪತ್ತರ ಮೇಲಿನ ವಯಸ್ಸು. ಕಣ್ಣಿನ ಒಳಪರದೆ ಸವೆದಿತ್ತು. ಮಿರಜದ ಡಾಕ್ಟರರು ಇನ್ನು ಇಷ್ಟೇ ಎಂದಿದ್ದರು. ಎದುರಿಗಿದ್ದದ್ದು ನಟ್ಟನಡುವೆ ಮಂಜು, ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಮಗನ ಕುಸ್ತಿಯ ಮಾತನ್ನು ಮೊಬೈಲಿನಲ್ಲಿ ಕೇಳಿ ಒಮ್ಮೆಯೂ ಹೊಗಳಿದವಳಲ್ಲ. ಯಾಕೆಂದು ಅವನೂ ಕೇಳಿರಲಿಲ್ಲ.

ಮೈದಾನದ ದಿನ ಮ್ಹೈಸಾಳದ ಬಯಲು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಕಬ್ಬಿನ ಟ್ರಾಕ್ಟರುಗಳ ಮೇಲೆ, ನೀರಾವರಿ ಯೋಜನೆಯ ದಪ್ಪ ಪೈಪಿನ ಮೇಲೆ, ಬೇವಿನ ಮರದ ಮೇಲೆ ಜನವೋ ಜನ. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಕನ್ನಡ, ನಡುವೆ ಎರಡೂ ಕಲಸಿದ ಗದ್ದಲ. ವಸ್ತಾದರ ಮಗಳು ಬಂದಿದ್ದಾಳೆ ಎಂದು ಬಾಪೂಸಾಹೇಬರು ಚಂದ್ರಾಬಾಯಿಯನ್ನು ವೇದಿಕೆಗೆ ಕರೆದು ಮಗನ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಸಾಯಲಿ ಕೆಳಗೆ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ನಿಂತಿದ್ದಳು.

ಸಣ್ಣ ಕುಸ್ತಿಗಳೆಲ್ಲ ಮುಗಿದವು. ಅವನ್ನು ಶೀತಲ ಹೇಗೋ ಹಳೆಯ ಮರಾಠಿಯಲ್ಲೇ ದಾಟಿಸಿದ. ಹೊತ್ತು ಇಳಿಯತೊಡಗಿದಾಗ ಸಂಘರ್ಷ, ಬಸವಪ್ರಸಾದ ಇಬ್ಬರೂ ಕಣಕ್ಕೆ ಇಳಿದರು. ಬಸವಪ್ರಸಾದ ತೆಳ್ಳಗೆ, ಉದ್ದಕ್ಕೆ, ಒಂದು ಕಡೆ ನಿಲ್ಲದೆ ಕುಣಿಯುತ್ತಿದ್ದ. ಹಲಗೆಯ ಸದ್ದು ಎದೆಗೆ ಬಡಿಯತೊಡಗಿತು. ಜನ ಆಗಲೇ ವಾದಳ, ವಾದಳ ಎಂದು ಶುರುಮಾಡಿದ್ದರು. ಶೀತಲ ಮೈಕಿಗೆ ಬಾಯಿ ಹಚ್ಚಿದ. “ಕೃಷ್ಣಾಕಾಠಚಂ ವಾ...” ಎಂದವನು ಅಲ್ಲೇ ನಿಂತುಬಿಟ್ಟ. ಮುಂದಿನ ಅಕ್ಷರ ಹೇಳಲು ಮನಸ್ಸಾಗಲಿಲ್ಲ. ಅದರ ಬದಲಿಗೆ ಬೇರೆ ಮಾತೂ ಬರಲಿಲ್ಲ. ಧ್ವನಿವರ್ಧಕದಲ್ಲಿ ಬರೇ ಅವನ ಉಸಿರು.

ಚಂದ್ರಾಬಾಯಿಗೆ ತಡೆಯಲಾಗಲಿಲ್ಲ. ಮೈಕು ತನ್ನ ಮುಖಕ್ಕೂ ಹತ್ತಿರವೇ ಇದೆಯೆಂಬ ಪರಿವೆ ಅವಳಿಗೆಲ್ಲಿ?

“ಯಾಕೋ ಸುಮ್ಮನಾದಿ? ನನಗ ಏನೂ ಕಾಣವಲ್ದು. ಯಾರ ಕೈ ಎಲ್ಲೈತಿ? ಹೇಳ!”

ಆ ಮಾತು ಬಯಲಿನ ನಾಲ್ಕೂ ಮೂಲೆಯ ಧ್ವನಿವರ್ಧಕಗಳಲ್ಲಿ ಮೊಳಗಿತು. ಒಂದು ಗಳಿಗೆ ಎಲ್ಲರೂ ಬೆಪ್ಪಾದರು, ಆಮೇಲೆ ಗೊಳ್ಳೆಂದು ನಕ್ಕರು. ಪೈಪಿನ ಮೇಲೆ ಕೂತಿದ್ದವನೊಬ್ಬ ಕೂಗಿದ: “ಹೇಳ್ರಿ ಮಗದುಮ್ರ! ಆಯಿ ಕೇಳಾಕತ್ತಾಳ!”

ಶೀತಲನ ಕಿವಿ ಕೆಂಪಾದವು. ಆದರೆ ಅವ್ವ ಕೇಳಿದ್ದಾಳೆ. ಅವ್ವನಿಗೆ ಬೆಟ್ಟ, ಸಿಡಿಲು ಎಂದರೆ ಆಗುವುದಿಲ್ಲ. ಅವನು ಕಣದ ಕಡೆ ನೋಡಿದ. ಕನ್ನಡದ ಒಂದೊಂದೇ ಮಾತನ್ನು ಹುಡುಕಿ ಹೆಕ್ಕಿ ಇಟ್ಟ.

“ಸಂಘರ್ಷನ ಬಲಗೈ... ಬಸವಪ್ರಸಾದನ ಕುತ್ತಿಗಿ ಮ್ಯಾಲ ಐತಿ, ಅವ್ವಾ. ಎಡಗೈಲೆ ಅವನ ಮನಗಟ ಹಿಡದಾನ.”

“ಮನಗಟ ಅಂದ್ರ?”

“ಅದs ಅವ್ವಾ... ನೀವು ಬಳಿ ಹಾಕ್ಕೋತೀರಲ್ಲ, ಅಲ್ಲಿ.”

“ಮುಂಗೈ ಅನ್ನು! ಕನ್ನಡ ಮರತೀಯೇನ?”

ಮತ್ತೆ ನಗುವಿನ ಅಲೆ. ಆದರೆ ನಗುತ್ತಿದ್ದವರ ಕಣ್ಣುಗಳೆಲ್ಲ ಈಗ ಒಂದೇ ಜಾಗಕ್ಕೆ, ಬಸವಪ್ರಸಾದನ ಮುಂಗೈಗೆ ಹೋಗಿದ್ದವು. ಶೀತಲನಿಗೆ ಅದು ಕಂಡಿತು.

ಬಸವಪ್ರಸಾದ ಎಳೆದ, ಜಾಡಿಸಿದ, ಪಕ್ಕಕ್ಕೆ ಹಾರಿದ. ಸಂಘರ್ಷ ಹಿಡಿದದ್ದು ಬಿಡಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಹೊತ್ತು ಕಳೆಯಿತು. ಬೇವಿನ ಮರದ ಕಡೆಯಿಂದ ಅದೇ ಹಳೆಯ ಕೂಗು ಎದ್ದಿತು. ವಾದಳ ಎಲ್ಲಿ? ವಾದಳ ಮಲಗಿತೇನು? ಸಂಘರ್ಷನ ತಲೆ ಅತ್ತ ಕಡೆ ತಿರುಗುವುದನ್ನು ಶೀತಲ ಕಂಡ. ವಿಡಿಯೊದಲ್ಲಿ ಕಂಡದ್ದೇ.

“ಯಾಕ ಒದರ್ತಾರ?” ಎಂದಳು ಚಂದ್ರಾಬಾಯಿ.

“ಸಂಘರ್ಷ ಸುಮ್ಮನ ನಿಂತಾನಂತ, ಅವ್ವಾ.”

“ಸುಮ್ಮನ ಯಾರು ನಿಂದರ್ತಾರ ಕಣದಾಗ? ಕಾಲ ಹೆಂಗ ಇಟ್ಟಾನ, ಅದನ್ನ ಹೇಳ.”

ಕಾಲು! ಇಪ್ಪತ್ತು ವರ್ಷದಲ್ಲಿ ಶೀತಲ ಯಾವ ಪೈಲ್ವಾನನ ಪಾದವನ್ನೂ ಬಣ್ಣಿಸಿರಲಿಲ್ಲ. ಎದ್ದು ನಿಂತು ಬಗ್ಗಿ ನೋಡಿದ. “ಬೆರಳು ಮಣ್ಣಾಗ ಊರ್‍ಯಾನ. ಹಿಮ್ಮಡ ಸ್ವಲ್ಪ ಎತ್ತ್ಯಾನ. ಎಡಗಾಲ ಮುಂದ, ಬಲಗಾಲ ಹಿಂದ. ಬಸವಪ್ರಸಾದ ಎಳದಾಗೊಮ್ಮೆ ಆ ಹಿಂದಿನ ಕಾಲು... ಅವ್ವಾ, ಅದು ಗೂಟದಂಗ ನಿಲ್ಲತೈತಿ! ಬಸವಪ್ರಸಾದನ ಕಾಲ ಹಂಗಲ್ಲ. ಅವನ ಮೊಣಕಾಲ ನಡಗಾಕತ್ತಾವ.”

“ಹಂಗಾರ ಅಂವ ಈಗ ಕಾಲಿಗೆ ಬೀಳ್ತಾನ ನೋಡ. ಬ್ಯಾರೆ ದಾರಿ ಇಲ್ಲ ಅವಗ” ಎಂದಳು ಚಂದ್ರಾಬಾಯಿ.

ಬೇವಿನ ಮರದ ಕೂಗು ನಿಂತೇಹೋಯಿತು. ಬಯಲಿನ ಜನವೆಲ್ಲ ಕತ್ತು ಚಾಚಿ ಪಾದಗಳನ್ನು ನೋಡುತ್ತಿತ್ತು. ಸಂಘರ್ಷನಿಗೂ ಧ್ವನಿವರ್ಧಕದ ಮಾತು ಕೇಳಿರಬೇಕು. ತಿರುಗಿದ್ದ ತಲೆ ಮೆಲ್ಲಗೆ ಮತ್ತೆ ಎದುರಾಳಿಯ ಹೆಗಲಿಗೆ ಒರಗಿತು.

ಮತ್ತು ಬಸವಪ್ರಸಾದ ನಿಜವಾಗಿಯೂ ಕಾಲಿಗೆ ಬಿದ್ದ! ಬಾಣದಂತೆ ಕೆಳಗೆ ಇಳಿದು ಸಂಘರ್ಷನ ಮುಂದಿನ ಕಾಲಿಗೆ ಎರಡೂ ಕೈ ಸುತ್ತಿದ. ಜನ ಹೋ ಎಂದು ಎದ್ದುನಿಂತರು. ಸಂಘರ್ಷ ಎರಡೂ ಕಾಲನ್ನು ಹಿಂದಕ್ಕೆ ಎಸೆದು ತನ್ನ ಎದೆಯ ಭಾರವನ್ನೆಲ್ಲ ಅವನ ಬೆನ್ನಿನ ಮೇಲೆ ಇಳಿಸಿಬಿಟ್ಟ. ಬಸವಪ್ರಸಾದನ ಹಿಡಿತ ಕಳಚಿತು. ಅವನು ಕೈ, ಮೊಣಕಾಲು ಊರಿ ಬಗ್ಗಿದ. ಸಂಘರ್ಷ ಅವನ ಹಿಂದಕ್ಕೆ ಸರಿದು ನಡು ಹಿಡಿದ.

“ಏನಾತು? ಏನಾತೋ?” ಚಂದ್ರಾಬಾಯಿ ಮಗನ ತೋಳು ಅಲುಗಿಸುತ್ತಿದ್ದಳು.

“ಬಿದ್ದ ಅವ್ವಾ, ನೀ ಹೇಳಿದಂಗs ಬಿದ್ದ! ಈಗ ಬಸವಪ್ರಸಾದ ಕೆಳಗ, ಸಂಘರ್ಷ ಮ್ಯಾಲ. ಎಡಗೈಲೆ ನಡಾ ಹಿಡದಾನ. ಬಲಗೈ... ಬಲಗೈ ಕಾಣವಲ್ದು... ಹಾಂ, ಎದಿ ಕೆಳಗ ಹೊಕ್ಕೈತಿ. ಮುಂಗೈ ಹುಡಕಾಕತ್ತೈತಿ. ಬಸವಪ್ರಸಾದ ತನ್ನ ಮುಂಗೈ ಎದಿಗೆ ಅವಚ್ಕೊಂಡಾನ. ಕೊಡವಲ್ಲ!”

“ಬೆರಳು ಹೋದ್ವೇನು ಒಳಗ?”

“ಎರಡ ಬೆರಳು ಹೋಗ್ಯಾವ. ಇಲ್ಲ, ತೆಗದ. ಮತ್ತ ಹಾಕ್ಯಾನ. ಹೋದ್ವು! ಹಿಡದ ಅವ್ವಾ, ಮುಂಗೈ ಹಿಡದ!”

“ಕೀಲಿ ಬಿತ್ತು!” ಚಂದ್ರಾಬಾಯಿ ಕುರ್ಚಿಯಿಂದ ಎದ್ದುಬಿಟ್ಟಳು. “ನಮ್ಮಪ್ಪ ಅದಕ್ಕ ಕೀಲಿ ಅಂತಿದ್ದ. ಈಗ ಮೊಣಕಾಲ ಬೆನ್ನಿಗೆ ಕೊಡಬೇಕು, ತಿರವಬೇಕು!”

ಕನ್ನಡದ ಕಡೆಯವರು ಕೀಲಿ, ಕೀಲಿ ಎಂದು ಕೂಗತೊಡಗಿದರು. ಏನೆಂದು ಗೊತ್ತಿಲ್ಲದ ಮರಾಠಿ ಹುಡುಗರೂ ಅದೇ ಮಾತು ಎತ್ತಿಕೊಂಡರು. ಸಂಘರ್ಷ ಹಿಡಿದ ಮುಂಗೈಯನ್ನು ತನ್ನ ಕಡೆಗೆ ಸೆಳೆದ. ಮೊಣಕಾಲು ಕೊಟ್ಟ. ಬಸವಪ್ರಸಾದನ ಮೈ ಮಗುಚಿತು. ಒಂದು ಭುಜ ಮಣ್ಣಿಗೆ ಹತ್ತಿತು. ಇನ್ನೊಂದು ಹತ್ತಲಿಲ್ಲ. ಅವನು ತಲೆಯನ್ನೇ ನೆಲಕ್ಕೆ ಊರಿ, ಸೇತುವೆಯ ಹಾಗೆ ಬೆನ್ನು ಬಾಗಿಸಿ ಎತ್ತಿ ಹಿಡಿದಿದ್ದ.

“ಒಂದ ಭುಜ ಹತ್ತೈತಿ. ಇನ್ನೊಂದು ನೆಲದಿಂದ ಒಂದ ಗೇಣ ಮ್ಯಾಲ. ಬಸವಪ್ರಸಾದ ಸೋಲವಲ್ಲ ಅವ್ವಾ, ಏನ ಗಟ್ಟಿ ಹುಡುಗ! ಕುತ್ತಿಗಿ ಮ್ಯಾಲ ನಿಂತಾನ. ಸಂಘರ್ಷ ಅವಸರ ಮಾಡವಲ್ಲ. ಎದಿ ಇಟ್ಟಾನ, ಒತ್ತಾಕತ್ತಾನ. ಗೇಣ ಇದ್ದದ್ದು ಈಗ ಒಂದ ಮುಷ್ಟಿ ಆತು. ನಾಕ ಬೆರಳ ಆತು.”

ಬಯಲಿಗೆ ಬಯಲೇ ಉಸಿರು ಹಿಡಿದಿತ್ತು. ಹಲಗೆಯವರು ಕೋಲು ಮೇಲೆತ್ತಿದವರು ಹಾಗೇ ನಿಂತಿದ್ದರು. ಸೋಲುಗೆಲುವು ಹೇಳುವ ಪಂಚರು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿ ಆ ಭುಜದ ಕೆಳಗಿನ ಬೆಳಕನ್ನು ನೋಡುತ್ತಿದ್ದರು.

“ಎರಡ ಬೆರಳು. ಒಂದ ಬೆರಳು, ಅವ್ವಾ.” ಶೀತಲನ ದನಿ ಬರಬರುತ್ತ ಪಿಸುಮಾತಾಗಿತ್ತು. “ಹತ್ತಿತು.”

ಪಂಚರ ಅಂಗೈ ಮಣ್ಣಿಗೆ ಬಡಿಯಿತು.

ಆಮೇಲಿನದು ಯಾರಿಗೂ ಸರಿಯಾಗಿ ನೆನಪಿಲ್ಲ. ಹಲಗೆ ಹುಚ್ಚೆದ್ದು ಬಾರಿಸಿತು. ಮುಂಡಾಸುಗಳು ಗಾಳಿಗೆ ಹಾರಿದವು. ಸಂಘರ್ಷನನ್ನು ಹೆಗಲ ಮೇಲೆ ಎತ್ತಿದವರೇ ಬಸವಪ್ರಸಾದನನ್ನೂ ಎತ್ತಿದರು, ಅಥಣಿಯವರು ಒಂದು ಕಡೆ, ಡಿಗ್ರಜದವರು ಇನ್ನೊಂದು ಕಡೆ. ಸಾಯಲಿ ವಿಡಿಯೊ ಮಾಡುವುದನ್ನೇ ಮರೆತು ಕುಣಿಯುತ್ತಿದ್ದಳು. ಅವಳ ಮೊಬೈಲಿನಲ್ಲಿ ಕೊನೆಗೆ ಉಳಿದದ್ದು ಆಕಾಶ ಮತ್ತು ಯಾರದೋ ಚಪ್ಪಲಿ. ಶೀತಲ ಕುರ್ಚಿಗೆ ಕುಸಿದ. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಕುಸ್ತಿ ಆಡಿದವರಷ್ಟೇ ದಣಿದಿದ್ದ. ಹಾಗೆ ದಣಿದದ್ದು ಅದೇ ಮೊದಲು, ಹಾಗೆ ಖುಷಿಯಾದದ್ದೂ.

ಜನ ಇಳಿಸಿದ ಮೇಲೆ ಸಂಘರ್ಷ ಮೈತುಂಬ ಮಣ್ಣಿನಲ್ಲೇ ವೇದಿಕೆಗೆ ಓಡಿ ಬಂದು ಚಂದ್ರಾಬಾಯಿಯ ಕಾಲಿಗೆ ನಮಸ್ಕಾರ ಮಾಡಿದ. ಅವಳು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹೆಗಲಿನಿಂದ ಮುಂಗೈಯವರೆಗೆ ತಡವಿದಳು. ಅವಳ ಮುಖದಲ್ಲಿ ಅಚ್ಚರಿ.

“ನಿಂದs ಏನೋ ಈ ಕೈ? ಇಷ್ಟ ಸಣ್ಣದು? ಇಂವ ಇಷ್ಟ ವರ್ಷ ಮೊಬೈಲಿನ್ಯಾಗ ಒದರೂದು ಕೇಳಿ, ನೀ ನಮ್ಮ ಮನಿ ಬಾಗಲದಾಗ ಹಿಡಿಸಲಾರದಂಥ ರಾಕ್ಷಸ ಅಂತ ತಿಳದಿದ್ದೆ!”

“ನಾ ಇಷ್ಟs ಅದೀನ್ರಿ, ಆಯಿ” ಎಂದ ಸಂಘರ್ಷ.

“ಇಷ್ಟ ಸಾಕಪಾ. ಇಷ್ಟರಾಗs ಗೆದ್ದಿಯಲ್ಲ.” ಆಮೇಲೆ ಮಗನ ಕಡೆ ತಿರುಗಿ, “ಇವತ್ತ ನನಗ ಕುಸ್ತಿ ಕಾಣ್ತು ನೋಡ. ಕಿಟಕ್ಯಾಗ ನಿಂತ ನೋಡಿದಂಗs ಆತು” ಎಂದಳು. ಇಷ್ಟು ವರ್ಷಕ್ಕೆ ಅವ್ವನ ಬಾಯಿಂದ ಬಂದ ಮೊದಲ ಮೆಚ್ಚುಗೆ. ಶೀತಲ ಮೈಕಿನ ವೈರು ಸುತ್ತುವ ನೆವದಲ್ಲಿ ಮುಖ ಆಚೆ ತಿರುಗಿಸಿಕೊಂಡ.

ಎಲ್ಲರಿಗೂ ಅದು ಹಿಡಿಸಿತು ಅಂತೇನಲ್ಲ. ಇದೇನು, ಬೆಂಕಿಯೇ ಇಲ್ಲ, ಬೆರಳು ಎಣಿಸುತ್ತ ಕೂತ ಎಂದು ಕೆಲವು ಹಳಬರು ಗೊಣಗಿದರು. ಒಂದೆರಡು ಊರಿನವರು ಆ ಹಂಗಾಮಿಗೆ ಬೇರೆಯವನನ್ನು ಕರೆಸಿದರು. ಶೀತಲನೂ ಹಳೆಯ ಮಾತುಗಳನ್ನು ಪೂರಾ ಬಿಡಲಿಲ್ಲ. ಅತಿಥಿಗಳು ಬಂದಾಗ, ಪೈಲ್ವಾನರನ್ನು ಕಣಕ್ಕೆ ಕರೆಯುವಾಗ ಬೆಟ್ಟ, ಹುಲಿ ಎಲ್ಲ ಬಂದುಹೋಗುತ್ತಿದ್ದವು. ಆದರೆ ಕೈಗೆ ಕೈ ಕೂಡಿದ ಮೇಲೆ ಅವನು ಭಡಂಗದ ತಟ್ಟೆ ದೂರ ಸರಿಸುತ್ತಿದ್ದ. ಕನ್ನಡದಲ್ಲಿ ಮೊದಲು ಮನಸ್ಸಿನಲ್ಲೇ ಅವ್ವನಿಗೆ ಹೇಳಿಕೊಂಡು, ಆಮೇಲೆ ಮರಾಠಿಯಲ್ಲಿ ಜನಕ್ಕೆ ಹೇಳುತ್ತಿದ್ದ. ಮಾತು ನಿಧಾನವಾಯಿತು, ನಡುನಡುವೆ ನಿಂತಿತು. ಆ ನಿಂತ ಜಾಗದಲ್ಲಿ ಜನ ತಾವೇ ನೋಡಿಕೊಂಡರು. ಎಷ್ಟೋ ಸಲ ಅವನು ತಪ್ಪುತ್ತಿದ್ದ. ತಪ್ಪಿದಾಗ ಮುಂದಿನ ಸಾಲಿನವರೇ, “ಕಾಕಾ, ಎಡಗೈ ಅಲ್ಲ, ಬಲಗೈ!” ಎಂದು ಕೂಗಿ ತಿದ್ದುತ್ತಿದ್ದರು. ಅದೂ ಅವನಿಗೆ ಖುಷಿಯೇ.

ಸಂಘರ್ಷ ಮುಂದಿನ ಪೋಸ್ಟರುಗಳಲ್ಲಿ ಬರೇ ಹೆಸರು, ಊರು ಹಾಕಿ ಎಂದು ಕೇಳಿಕೊಂಡ. ಅಭಿಮಾನಿಗಳು ಕೇಳಬೇಕಲ್ಲ, ಈಗಲೂ ಬೈಕಿನ ಹಿಂದೆ ವಾದಳ ಇದ್ದೇ ಇದೆ. ಆದರೆ ಅವನು ಕಣದಲ್ಲಿ ನಿಂತಾಗ ಒದರುವವರು ಕಡಿಮೆಯಾದರು. ನಿಂತವನ ಕಾಲಿನ ಕಡೆ ಬೆರಳು ಮಾಡಿ ಪಕ್ಕದವನಿಗೆ ತೋರಿಸುವವರು ಹೆಚ್ಚಾದರು. ಸಾಯಲಿಯ ಪ್ರಾಜೆಕ್ಟು ಮುಗಿಯುವ ಬದಲು ಬೆಳೆಯಿತು. ಈಗ ಅವಳು ಒಂದೇ ಕುಸ್ತಿಯನ್ನು ಮರಾಠಿಯ ಮಾತಿನಲ್ಲಿ ಕೆಲವರಿಗೆ, ಕನ್ನಡದ ಮಾತಿನಲ್ಲಿ ಕೆಲವರಿಗೆ ತೋರಿಸುತ್ತ ಮಿರಜ, ಮ್ಹೈಸಾಳ, ಕಾಗವಾಡ ಎಂದು ಸ್ಕೂಟಿಯಲ್ಲಿ ಓಡಾಡುತ್ತಿದ್ದಳು. ಹೋದಲ್ಲೆಲ್ಲ ಕನ್ನಡ ಮಾತಾಡಬೇಕಾಗಿ ಬಂದು, ಅಜ್ಜಿಯ ಜೊತೆ ಮೊದಲ ಸಲ ಪೂರ್ತಿ ವಾಕ್ಯಗಳಲ್ಲಿ ಜಗಳವಾಡುವಷ್ಟು ಕಲಿತಳು.

ಒಂದು ಸಂಜೆ ಶೇಡಬಾಳದಿಂದ ಫೋನು ಬಂತು. ಅಲ್ಲಿಯೂ ಮೈದಾನ ಇಟ್ಟಿದ್ದರು. ಶೀತಲ ಆಗಲಿ ಎಂದ. ಅತ್ತಲಿನವರು, ಒಬ್ಬರೇ ಬಂದರೆ ನಡೆಯುವುದಿಲ್ಲ, ಆಯಿಯನ್ನೂ ಕರೆದುಕೊಂಡೇ ಬರಬೇಕು ಎಂದು ಹಟ ಹಿಡಿದರು. ಶೀತಲ ಫೋನು ಕೈಯಲ್ಲೇ ಹಿಡಿದು ಅಡಿಗೆಮನೆಯ ಕಡೆ ಕೂಗಿ ಕೇಳಿದ.

ಒಳಗಿನಿಂದ ಚಂದ್ರಾಬಾಯಿಯ ಉತ್ತರ ಕೂಡಲೇ ಬಂತು. “ಬರ್ತಾಳಂತ ಹೇಳು! ಆದ್ರ ಆ ಹಲಗಿಯವರನ್ನ ನನ್ನ ಕಿವಿಯಿಂದ ದೂರ ಕುಂದ್ರಸ್ರಿ ಅನ್ನು. ಅವರ ಸಪ್ಪಳದಾಗ ನಿನ್ನ ಮಾತs ಕೇಳೂದಿಲ್ಲ ನನಗ.”